ಚರಗ, ಪಂಕ್ತಿ, ದಾಸೋಹ: ಬಬಲೇಶ್ವರ ಸೀಮೆಯ ಅನ್ನಸಂವಿಭಾಗ ವಿಚಾರ

ಅನ್ನವನ್ನು ಕುರಿತು ಕನ್ನಡಿಗರು ಬಳಸುವ ‘ನೀಡು’, ‘ಹಂಚು’, ‘ಕೂಡಿ ಉಣ್ಣು’ ಎಂಬ ಮೂರು ಮಾತುಗಳು ಸಾಮಾನ್ಯವಾಗಿ ಸಮಾನಾರ್ಥಕಗಳೆಂದೇ ಎಣಿಸಲ್ಪಡುತ್ತವೆ. ಆದರೆ ಇವುಗಳಲ್ಲಿ ಗಣನೀಯವಾದ ಭೇದವುಂಟು. ನೀಡುವವನು ನಿಂತಿರುತ್ತಾನೆ, ಪಡೆಯುವವನು ಎದುರಿಗೆ ಕುಳಿತಿರುತ್ತಾನೆ, ಇಲ್ಲವೆ ಬಾಗಿಲಿನ ಆಚೆ ಕೈಯೊಡ್ಡಿರುತ್ತಾನೆ. ಹಂಚುವವನಿಗಾದರೋ ಆ ಅನ್ನದಲ್ಲಿ ತನ್ನದೂ ಒಂದು ಪಾಲು ಇದ್ದೇ ಇರುತ್ತದೆ. ಕೂಡಿ ಉಣ್ಣುವುದಕ್ಕೆ ಪಾಲೊಂದಿದ್ದರೆ ಸಾಲದು, ಮಗ್ಗುಲಲ್ಲಿ ಎಡೆಯೂ ಬೇಕು. ತೆಂಕಣ ಕನ್ನಡದವರು ‘ಬಡಿಸು’ ಎನ್ನುವಲ್ಲಿ ವಿಜಯಪುರದ ಕಡೆಯವರು ‘ನೀಡು’ ಎನ್ನುತ್ತಾರೆ. ಪಂಕ್ತಿಯಲ್ಲಿ ಕುಳಿತ ಬೀಗರಿಗೂ ನೀಡುವುದೇ, ಬಾಗಿಲಿಗೆ ಬಂದ ಜೋಗಿಗೂ ನೀಡುವುದೇ. ಮಾತಿನಲ್ಲಿ ಹೀಗೆ ಮರೆಯಾದ ಭೇದವು ಆಚಾರದಲ್ಲಿ ಮರೆಯಾಗಿಲ್ಲ. ಆ ಭೇದವನ್ನು ಬಬಲೇಶ್ವರದ ಸೀಮೆಯ ಒಂದು ಆಚಾರವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಇಲ್ಲಿಯ ಉದ್ದೇಶವಾಗಿದೆ.

ಬಬಲೇಶ್ವರವು ವಿಜಯಪುರ ನಗರದ ನೈರುತ್ಯಕ್ಕಿರುವ ಊರು. ಮೊದಲು ವಿಜಯಪುರ ತಾಲೂಕಿಗೆ ಸೇರಿದ್ದು ಈಗ ತಾನೇ ತಾಲೂಕಿನ ಕೇಂದ್ರವಾಗಿದೆ. ನಗರದಿಂದ ಅಲ್ಲಿಗೆ ಹೋಗುವ ದಾರಿಯು ಸಾರವಾಡದ ಬಳಿ ಡೋಣಿಯನ್ನು ದಾಟುತ್ತದೆ. ಡೋಣಿ ಫಲಿಸಿದರೆ ಓಣಿಯೆಲ್ಲ ಜೋಳವೆಂಬ ಆ ಕಡೆಯ ನಾಣ್ಣುಡಿ ಪ್ರಸಿದ್ಧವಾದುದು. ನೀರನ್ನು ಬಹುಕಾಲ ಹಿಡಿದಿಡುವ ಎರೆಮಣ್ಣಿನ ನೆಲವಾದುದರಿಂದ ಹಿಂಗಾರಿಯಲ್ಲಿ ಬಿತ್ತಿದ ಬಿಳಿಜೋಳವು ಮಳೆ ನಿಂತ ಮೇಲೆಯೂ ಮಣ್ಣಿನ ತೇವವನ್ನೇ ಕುಡಿದು ಬೆಳೆಯುತ್ತದೆ. ಮಳೆ ಬಂದರೆ ಸಮೃದ್ಧಿ, ತಪ್ಪಿದರೆ ಬರ. ಇವೆರಡರ ನಡುವೆ ಆ ಸೀಮೆಗೆ ಬಹುಕಾಲ ಮೂರನೆಯ ಗತಿಯೇ ಇರಲಿಲ್ಲ. ಅಲ್ಲಿಯ ಅನ್ನಾಚಾರಗಳನ್ನು ಅರ್ಥಮಾಡಿಕೊಳ್ಳುವಾಗ ಈ ಸಂಗತಿಯನ್ನು ಮರೆಯಬಾರದು.

ಮಾರ್ಗಶಿರ ಮಾಸದ ಅಮಾವಾಸ್ಯೆಯನ್ನು ಈ ಸೀಮೆಯಲ್ಲಿ ಎಳ್ಳ ಅಮಾವಾಸ್ಯೆಯೆಂದು ಕರೆಯುತ್ತಾರೆ. ಅಂದು ಒಕ್ಕಲು ಮನೆಯ ಹೆಂಗಸರು ಸಜ್ಜೆಯ ರೊಟ್ಟಿ, ಜೋಳದ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಹಿಂಡಿ, ಕಡಬು, ಎಳ್ಳು ಶೇಂಗಾಗಳ ಹೋಳಿಗೆ, ಮೊಸರನ್ನ ಮೊದಲಾದುವನ್ನು ಮಾಡಿ ಬುತ್ತಿ ಕಟ್ಟುತ್ತಾರೆ. ಮನೆಮಂದಿಯೆಲ್ಲ ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗುತ್ತಾರೆ. ಅಲ್ಲಿ ಐದು ಕಲ್ಲುಗಳನ್ನು ನಿಲ್ಲಿಸಿ ಸುಣ್ಣ ಹಚ್ಚಿ, ಅವನ್ನು ಪಾಂಡವರೆಂದು ಕರೆದು ಪೂಜಿಸುತ್ತಾರೆ. ಎಡೆಯಾದ ಬಳಿಕ ತಂದ ಅಡುಗೆಯೆಲ್ಲದರಲ್ಲಿಯೂ ಸ್ವಲ್ಪ ಸ್ವಲ್ಪ ತೆಗೆದು ಕಲಸಿ, ಒಬ್ಬನು ಅದನ್ನು ಹೊಲದ ಸುತ್ತಲೂ ಬೆಳೆಯ ಮೇಲೆ ಚೆಲ್ಲುತ್ತ ನಡೆಯುತ್ತಾನೆ. ಇನ್ನೊಬ್ಬನು ಹಿಂದಿನಿಂದ ನೀರು ಚಿಮುಕಿಸುತ್ತ ಬರುತ್ತಾನೆ. ಆಗ ಕೂಗುವ ಕೂಗೂ ಒಂದುಂಟು. ಇದಕ್ಕೆ ‘ಚರಗ ಚೆಲ್ಲುವುದು’ ಎಂದು ಹೆಸರು. ಧಾರವಾಡದ ಕಡೆ ಇದು ಶೀಗಿ ಹುಣ್ಣಿಮೆಗೆ ನಡೆಯುವುದು ಹೆಚ್ಚು. ಹಿಂಗಾರಿಯ ಸೀಮೆಯಲ್ಲಿ ಎಳ್ಳ ಅಮಾವಾಸ್ಯೆಗೇ ಪ್ರಾಧಾನ್ಯ. ಚರಗವಾಗದೆ ಯಾರೂ ಉಣ್ಣುವುದಿಲ್ಲ. ಆಮೇಲೆ ಮನೆಯವರು, ನಂಟರು, ನೆರೆಹೊಲದವರು, ಕರೆದು ತಂದವರು, ದಾರಿಯಲ್ಲಿ ಹೋಗುತ್ತಿದ್ದವರು, ಎಲ್ಲರೂ ನೆಲದ ಮೇಲೆಯೇ ಕುಳಿತು ಉಣ್ಣುತ್ತಾರೆ.

‘ಚರಗ’ ಎಂಬ ಪದವು ಸಂಸ್ಕೃತದ ‘ಚರು’ ಶಬ್ದದಿಂದ ಬಂದಿರಬಹುದೆಂಬ ಊಹೆಗೆ ಅವಕಾಶವುಂಟು. ಚರುವೆಂದರೆ ಹೋಮಕ್ಕಾಗಿ ಬೇಯಿಸಿದ ಅನ್ನ. ಶಬ್ದಸಾಮ್ಯವನ್ನು ಬದಿಗಿಟ್ಟರೂ ಕ್ರಿಯಾಸಾಮ್ಯವು ಸ್ಪಷ್ಟವಾಗಿದೆ. ಗೃಹಸ್ಥನು ದಿನದಿನವೂ ಮಾಡತಕ್ಕ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೊಂದು. ವೈಶ್ವದೇವದ ಅನ್ನದಲ್ಲಿ ಒಂದಂಶವನ್ನು ದಿಕ್ಕುಗಳಿಗೂ ಸಂಚರಿಸುವ ಪ್ರಾಣಿಗಳಿಗೂ ಬಲಿಯಾಗಿ ಇಟ್ಟು ಅನಂತರ ಉಣ್ಣಬೇಕೆಂಬುದು ವಿಧಿ. ಅಗ್ನಿಶಾಲೆಯಿಲ್ಲದ, ಮಂತ್ರವಿಲ್ಲದ ಒಕ್ಕಲಿಗನು ವರ್ಷಕ್ಕೊಮ್ಮೆ ತನ್ನ ಹೊಲದಲ್ಲಿ ಮಾಡುವುದೂ ಇದೇ ಆಗಿದೆ. ಯಾರಿಂದ ಯಾರು ಕಲಿತರೆಂಬ ವಾದವನ್ನು ಇಲ್ಲಿ ಬೆಳೆಸಬೇಕಾಗಿಲ್ಲ. ಹೊಲವೇ ಮೊದಲು, ಶಾಲೆಯು ಅನಂತರವೆಂದರೂ ಆಶ್ಚರ್ಯಪಡಬೇಕಾದುದೇನೂ ಇಲ್ಲ.

ಧರ್ಮಶಾಸ್ತ್ರಕಾರರು ಅನ್ನದ ವಿಷಯದಲ್ಲಿ ‘ದಾನ’ವೆಂಬ ಪದದೊಂದಿಗೆ ‘ಸಂವಿಭಾಗ’ವೆಂಬ ಪದವನ್ನೂ ಬಳಸುತ್ತಾರೆ. ದಾನದಲ್ಲಿ ಸ್ವತ್ವವು ತ್ಯಕ್ತವಾಗುತ್ತದೆ. ಪಾತ್ರಾಪಾತ್ರ ವಿಚಾರವುಂಟು, ಫಲವುಂಟು. ಸಂವಿಭಾಗವೆಂದರೆ ಚೆನ್ನಾಗಿ ಪಾಲುಮಾಡುವುದು; ಅಲ್ಲಿ ಪಡೆಯುವವನಿಗೆ ಆ ಪಾಲಿನಲ್ಲಿ ಮೊದಲೇ ಹಕ್ಕಿರುವಂತೆ ತೋರುತ್ತದೆ. ಋಗ್ವೇದದ ಹತ್ತನೆಯ ಮಂಡಲದ ೧೧೭ನೆಯ ಸೂಕ್ತವು ಒಂಟಿಯಾಗಿ ಉಣ್ಣುವವನು ಒಂಟಿಯಾಗಿಯೇ ಪಾಪವನ್ನು ಹೊರುವನೆಂಬ ಭಾವವನ್ನು ಅತ್ಯಂತ ಕಠಿನವಾದ ಮಾತುಗಳಲ್ಲಿ ಹೇಳುತ್ತದೆ; ಗೀತೆಯ ಮೂರನೆಯ ಅಧ್ಯಾಯದಲ್ಲಿಯೂ ಇದೇ ಭಾವವು ಬಂದಿದೆ. ಇವು ಸರ್ವವಿದಿತಗಳು. ಅಷ್ಟು ವಿದಿತವಲ್ಲದ, ಆದರೆ ಇವೆರಡಕ್ಕಿಂತಲೂ ಹೆಚ್ಚು ಕಣ್ತೆರೆಸುವ ಸ್ಥಳವೊಂದು ಆಪಸ್ತಂಬ ಧರ್ಮಸೂತ್ರದ ಎರಡನೆಯ ಪ್ರಶ್ನದಲ್ಲಿದೆ. ನಿತ್ಯವೂ ಮನೆಯಲ್ಲಿ ಊಟವುಳ್ಳವರಿಗೆ ಕೊರತೆಯಾಗದಂತೆ ಸಂವಿಭಾಗವನ್ನು ಮಾಡಬೇಕೆಂದು ವಿಧಿಸಿ, ಬೇಕಾದರೆ ತನ್ನನ್ನಾಗಲಿ ಹೆಂಡತಿಯನ್ನಾಗಲಿ ಮಗನನ್ನಾಗಲಿ ಉಪವಾಸವಿರಿಸಬಹುದು, ಕೆಲಸ ಮಾಡುವ ಆಳನ್ನು ಮಾತ್ರ ಎಂದಿಗೂ ಉಪವಾಸವಿರಿಸಕೂಡದೆಂದು ಸೂತ್ರಕಾರನು ಹೇಳುತ್ತಾನೆ. ಆಳಿನ ಪಾಲು ಯಜಮಾನನ ಔದಾರ್ಯದಿಂದ ಬಂದುದಲ್ಲ, ದುಡಿಮೆಯಿಂದ ಬಂದುದೆಂಬ ಅರಿವು ಈ ಮಾತಿನ ಹಿಂದೆ ಇಲ್ಲದಿರಲಾರದು. ಜೈನಾಗಮದಲ್ಲಿಯೂ ಶ್ರಾವಕನ ಹನ್ನೆರಡು ವ್ರತಗಳ ಪೈಕಿ ಕೊನೆಯದಕ್ಕೆ ‘ಅತಿಥಿಸಂವಿಭಾಗ’ವೆಂದೇ ಹೆಸರು; ಅದನ್ನು ‘ಅತಿಥಿದಾನ’ವೆನ್ನದಿರುವುದು ಗಮನಾರ್ಹವಾಗಿದೆ.

ಯಾಜ್ಞವಲ್ಕ್ಯನು ಆಚಾರಾಧ್ಯಾಯದಲ್ಲಿ ಮನೆಯ ಊಟದ ಕ್ರಮವನ್ನು ಹೇಳುವಾಗ ಬಾಲರು, ತವರಿನಲ್ಲಿರುವ ಮದುವೆಯಾದ ಮಗಳು, ಮುದುಕರು, ಗರ್ಭಿಣಿಯರು, ರೋಗಿಗಳು, ಕನ್ಯೆಯರು, ಅತಿಥಿಗಳು, ಭೃತ್ಯರು ಇವರೆಲ್ಲರೂ ಉಂಡ ಮೇಲೆ ಉಳಿದುದನ್ನು ದಂಪತಿಗಳು ಉಣ್ಣಬೇಕೆಂದಿದ್ದಾನೆ. ದಂಪತಿಗಳೆಂಬ ದ್ವಿವಚನವನ್ನು ಓದುಗರು ಲಕ್ಷಿಸಬೇಕು. ಶಾಸ್ತ್ರದ ಪ್ರಕಾರ ಕೊನೆಗೆ ಉಣ್ಣತಕ್ಕವರು ಇಬ್ಬರು. ಲೋಕದಲ್ಲಿ ಕೊನೆಗೆ ಉಂಡವಳು ಒಬ್ಬಳೇ. ಮನೆಯ ಯಜಮಾನನು ಅತಿಥಿಯ ಮಗ್ಗುಲಿಗೆ ಬಂದು ಕುಳಿತದ್ದು ಯಾವಾಗಲೋ ತಿಳಿಯದು, ಮನೆಯಾಕೆಯು ಮಾತ್ರ ಯಾಜ್ಞವಲ್ಕ್ಯನ ವಚನವನ್ನು ಓದದೆಯೇ ಪಾಲಿಸುತ್ತ ಬಂದಳು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ೧೯೩೧ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಎಂಬ ಸಂಗ್ರಹವು ಬೀಸುವ ಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳನ್ನು ವಿದ್ವಾಂಸರ ಮುಂದೆ ತಂದಿಟ್ಟಿತು. ಊರಿನ ಅನ್ನಸಂತರ್ಪಣೆಗಳ ಕೀರ್ತಿಯು ಯಾರ ಹೆಸರಿನಲ್ಲಿಯೇ ನಿಲ್ಲಲಿ, ಅವುಗಳ ಹಿಟ್ಟು ಬಂದುದು ಆ ಕಲ್ಲಿನಿಂದ. ಹೊಲದಲ್ಲಿ ಅಡುಗೆಮನೆಯೂ ಇಲ್ಲ, ಹೊಸ್ತಿಲೂ ಇಲ್ಲ. ಮನೆಯಲ್ಲಿ ಕೊನೆಗೆ ಉಣ್ಣುವವಳು ಚರಗದ ದಿನ ಬಯಲಿನಲ್ಲಿ ಎಲ್ಲರ ಕಣ್ಣೆದುರಿಗೆ ಕುಳಿತು ಉಣ್ಣುವಳೆಂಬುದು ಆ ಹಬ್ಬದ ಸಣ್ಣ ವಿಶೇಷವಲ್ಲ.

ಹೀಗೆ ಪಾಲಿನ ವಿಷಯದಲ್ಲಿ ಶಾಸ್ತ್ರವು ಉದಾರವಾಗಿದೆ. ಎಡೆಯ ವಿಷಯಕ್ಕೆ ಬಂದರೆ ಸ್ಥಿತಿಯು ಬೇರೆ. ‘ಪಂಕ್ತಿಭೇದ’ವು ದೋಷವೆಂದು ಶಾಸ್ತ್ರವೂ ಲೋಕವೂ ಒಪ್ಪಿವೆ. ಒಂದೇ ಸಾಲಿನಲ್ಲಿ ಕುಳಿತವರಲ್ಲಿ ಒಬ್ಬನಿಗೆ ತುಪ್ಪ, ಇನ್ನೊಬ್ಬನಿಗೆ ಬರಿಯ ಅನ್ನವೆಂದರೆ ನೀಡಿದವನಿಗೆ ಪಾಪ. ಆದರೆ ಈ ಸಮತೆಯು ಸಾಲಿನ ಒಳಗಣ ಸಮತೆ. ಸಾಲಿನಲ್ಲಿ ಯಾರು ಕೂರಬಹುದೆಂಬ ಪ್ರಶ್ನೆಗೆ ಪಂಕ್ತಿಪಾವನ, ಪಂಕ್ತಿದೂಷಕರೆಂಬ ದೀರ್ಘವಾದ ಪಟ್ಟಿಗಳೇ ಮನುಸ್ಮೃತಿಯ ಶ್ರಾದ್ಧಪ್ರಕರಣದಲ್ಲಿವೆ. ಅದೇ ಮೂರನೆಯ ಅಧ್ಯಾಯದ ವೈಶ್ವದೇವಪ್ರಕರಣದಲ್ಲಿ ನಾಯಿಗಳು, ಪತಿತರು, ಶ್ವಪಚರು, ಪಾಪರೋಗಿಗಳು, ಕಾಗೆಗಳು, ಕ್ರಿಮಿಗಳು ಇವರಿಗೆ ಅನ್ನವನ್ನು ಮೆಲ್ಲನೆ ನೆಲದ ಮೇಲೆ ಇಡಬೇಕೆಂದು ವಿಧಿಸಿದೆ. ಮೆಲ್ಲನೆ ಇಡಬೇಕೆಂಬಲ್ಲಿ ಕರುಣೆಯಿಲ್ಲವೆನ್ನಲಾಗದು. ಆದರೂ ಮನುಷ್ಯನನ್ನು ನಾಯಿಗೂ ಕಾಗೆಗೂ ನಡುವೆ ಎಣಿಸಿ ಅವನ ಅನ್ನವನ್ನು ನೆಲಕ್ಕಿಡುವ ಈ ವಾಕ್ಯದಲ್ಲಿ ಪಾಲು ಸಂದಿದೆ, ಎಡೆ ತಪ್ಪಿದೆ. ಶಾಸ್ತ್ರವನ್ನು ಗೌರವಿಸುವವರು ಇಂಥ ವಾಕ್ಯವನ್ನು ಬಿಟ್ಟು ಓದುವುದಕ್ಕಿಂತ ನಿಂತು ಓದುವುದು ಮೇಲು.

ಶಾಸ್ತ್ರದೊಳಗೇ ಇದಕ್ಕೆ ಬೇರೆಯಾದ ದನಿಯೂ ಉಂಟು. ಅತಿಥಿಯ ಗೋತ್ರವನ್ನಾಗಲಿ ಶಾಖೆಯನ್ನಾಗಲಿ ಅಧ್ಯಯನವನ್ನಾಗಲಿ ಕೇಳಬಾರದೆಂದು ಪರಾಶರಸ್ಮೃತಿಯು ವಿಧಿಸುತ್ತದೆ. ಅಷ್ಟಕ್ಕೇ ನಿಲ್ಲದೆ, ವೈಶ್ವದೇವದ ಹೊತ್ತಿಗೆ ಬಂದವನು ಪಾಪಿಯೇ ಆಗಲಿ ಚಂಡಾಲನೇ ಆಗಲಿ ಅವನು ಅತಿಥಿಯೆಂದೂ ಸ್ವರ್ಗಕ್ಕೆ ಸೇತುವೆಯೆಂದೂ ಹೇಳುತ್ತದೆ. ಆದರೆ ಸೇತುವೆಯು ದಾಟುವವನಿಗಾಗಿ ಇರುವುದು. ಇಲ್ಲಿ ದಾಟತಕ್ಕವನು ಗೃಹಸ್ಥನು. ಬಂದವನನ್ನು ಎಲ್ಲಿ ಕೂರಿಸಬೇಕೆಂಬ ಪ್ರಶ್ನೆಯು ಅಲ್ಲಿಯೂ ಉಳಿಯಿತು.

ಇದೇ ಜಿಲ್ಲೆಯ ಸಾಲೋಟಗಿಯ ಶಾಸನವು ಊರೊಂದು ಅನ್ನದ ಹೊಣೆಯನ್ನು ಕೂಡಿ ಹೊತ್ತುದಕ್ಕೆ ಹಳೆಯ ಸಾಕ್ಷಿಯಾಗಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ. ಶ. ೯೪೫ರ ಈ ಶಾಸನದಲ್ಲಿ ಪಾವಿಟ್ಟಗೆಯ ವಿದ್ಯಾಶಾಲೆಗೆ ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ನಿರ್ವಾಹಕ್ಕಾಗಿ ಭೂಮಿಯನ್ನೂ ಮನೆಗಳನ್ನೂ ಬಿಟ್ಟ ವಿಷಯವಿದೆ. ವಿವಾಹ, ಉಪನಯನ, ಚೌಲಗಳ ಕಾಲದಲ್ಲಿ ಊರವರು ಶಾಲೆಗೆ ನಿಯತವಾದ ಕಾಣಿಕೆಯನ್ನು ಸಲ್ಲಿಸತಕ್ಕದ್ದೆಂದೂ ಇದೆ. ಪರದೇಶದ ಹುಡುಗನ ಅನ್ನಕ್ಕೆ ಊರಿನ ಮದುವೆಯಲ್ಲಿ ಪಾಲಿಟ್ಟ ಈ ಕಟ್ಟಳೆಯು ಮೆಚ್ಚತಕ್ಕದ್ದೇ. ಆದರೆ ಅದು ಅಗ್ರಹಾರದ ಪಂಕ್ತಿ.

ಪಾಲನ್ನೂ ಎಡೆಯನ್ನೂ ಒಂದುಗೂಡಿಸುವ ಪ್ರಯತ್ನವು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ನಡೆಯಿತು. ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದುದೂ ಅದೇ ಪಟ್ಟಣದಲ್ಲಿ. ಸಂವಿಭಾಗದ ಶಾಸ್ತ್ರವು ವ್ಯಾಖ್ಯಾತವಾದ ಬೀದಿಗಳಲ್ಲಿಯೇ ಕೆಲವು ದಶಕಗಳ ಅನಂತರ ಬಾಗೇವಾಡಿಯ ಬಸವಣ್ಣನವರ ಮಹಾಮನೆಯು ತೆರೆಯಿತೆಂಬುದು ಚಿಂತನೀಯ. ‘ದಾಸೋಹ’ವೆಂಬ ಪದವನ್ನು ‘ದಾಸೋಽಹಂ’ ಎಂಬುದರಿಂದ ಸಾಧಿಸುವರು. ಈ ವ್ಯುತ್ಪತ್ತಿಯನ್ನು ಒಪ್ಪಿದರೆ ಪದದ ಒಳಗಣ ತಿರುವು ಗೋಚರಿಸುತ್ತದೆ: ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ, ದಾಸೋಹದಲ್ಲಿ ಕೊಡುವವನು ತನ್ನನ್ನು ದಾಸನೆಂದು ಕರೆದುಕೊಂಡು ಕೆಳಗಿಳಿಯುತ್ತಾನೆ. ಉಣ್ಣುವ ಅನ್ನವೂ ಪ್ರಸಾದವೆನಿಸಿದ ಮೇಲೆ ಅದು ಯಾರ ಮನೆಯದು, ಯಾರ ಕೈಯದು ಎಂಬ ವಿಚಾರಕ್ಕೆ ಅವಕಾಶವಿಲ್ಲ. ಕಾಗೆಯು ಒಂದಗುಳನ್ನು ಕಂಡರೆ ತನ್ನ ಬಳಗವನ್ನು ಕೂಗುವುದನ್ನು ಬಸವಣ್ಣನವರು ಒಂದು ವಚನದಲ್ಲಿ ಭಕ್ತರಿಗೆ ನಿದರ್ಶನವಾಗಿ ಕೊಟ್ಟಿದ್ದಾರೆ. ಪಾಠಶಾಲೆಗಳಲ್ಲಿ ಇದನ್ನು ಪ್ರಾಣಿದಯೆಯ ಅಥವಾ ಐಕಮತ್ಯದ ಪಾಠವೆಂದು ಬೋಧಿಸುವುದು ವಾಡಿಕೆ. ಕಾಗೆಯು ಉಂಡು ಮಿಕ್ಕುದನ್ನು ಕೊಡುವುದಿಲ್ಲ, ಉಣ್ಣುವ ಮೊದಲೇ ಕೂಗುತ್ತದೆಂಬ ಅಂಶವನ್ನು ಉಪಾಧ್ಯಾಯರು ಎತ್ತಿ ತೋರಿಸಿದರೆ ವಚನವು ಬೇರೊಂದು ಬೆಳಕಿನಲ್ಲಿ ಕಾಣುವುದು. ಮನುವು ನೆಲದ ಮೇಲೆ ಅನ್ನವಿಟ್ಟುದು ಯಾವ ಕಾಗೆಗೋ ಅದೇ ಕಾಗೆ ಇಲ್ಲಿ ಗೃಹಸ್ಥನಿಗೆ ಗುರುವಾಗಿದೆ. ಈ ವಚನಗಳ ತಾಳೆಯೋಲೆಗಳನ್ನು ಮನೆಮನೆಯಿಂದ ಕೂಡಿಸಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದ ಫ. ಗು. ಹಳಕಟ್ಟಿಯವರ ಕರ್ಮಭೂಮಿಯೂ ವಿಜಯಪುರವೇ ಆಗಿತ್ತು.

ದಾಸೋಹಕ್ಕೆ ಇನ್ನೂ ಒಂದು ನಿಬಂಧನೆಯುಂಟು. ಅದನ್ನು ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆಯು ತೋರಿಸುತ್ತದೆ. ಮಾರಯ್ಯನು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮಕ್ಕೆ ನೀಡುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನಿಗೆ ಹೇಳಿದಳು. ಹಂಚುವುದಕ್ಕಾಗಿಯಾದರೂ ಹೆಚ್ಚು ತರಬಾರದೆಂಬ ಈ ಕಟ್ಟುನಿಟ್ಟು ವಿಚಿತ್ರವಾಗಿ ತೋರಬಹುದು. ಆಕೆಯ ಅಭಿಪ್ರಾಯವನ್ನು ಹೀಗೆ ಗ್ರಹಿಸಬಹುದು: ತನ್ನ ದುಡಿಮೆಯ ಪಾಲಿನಿಂದ ಕೊಟ್ಟರೆ ಅದು ಹಂಚಿಕೆ, ರಾಶಿ ಹಾಕಿ ಅದರಿಂದ ಕೊಟ್ಟರೆ ಅದು ಒಡೆತನದ ಮೆರವಣಿಗೆ. ಆಪಸ್ತಂಬನು ಯಜಮಾನನಿಗೆ ಹೇಳಿದುದನ್ನು ಲಕ್ಕಮ್ಮನು ಬಡವನಿಗೂ ಅನ್ವಯಿಸಿದಳೆನ್ನಬಹುದು.

ಪುನಃ ಬಬಲೇಶ್ವರದ ಹೊಲಗಳಿಗೆ ಬರಬೇಕು. ಚರಗದ ಊಟವನ್ನು ವರ್ಣಿಸಿದ ಮಾತ್ರಕ್ಕೆ ಆ ಸೀಮೆಯಲ್ಲಿ ಪಂಕ್ತಿವಿಚಾರವೇ ಇರಲಿಲ್ಲವೆಂದು ಭಾವಿಸಿದರೆ ಅದು ಸತ್ಯಕ್ಕೆ ದೂರವಾಗುತ್ತದೆ. ಸುಗ್ಗಿಯಲ್ಲಿ ಕಣದ ರಾಶಿಯಾದಾಗ ಬಡಿಗ, ಕಮ್ಮಾರ, ಕುಂಬಾರ, ಮಡಿವಾಳ, ಹಡಪದ, ಮಾದಿಗ, ಹೊಲೆಯ ಮೊದಲಾದ ಆಯಗಾರರಿಗೆ ವರ್ಷದ ಪಾಲು ಸಲ್ಲುತ್ತಿತ್ತು. ಅದು ಭಿಕ್ಷೆಯಲ್ಲ, ಹಕ್ಕು. ಮಿಣಿ, ಕುಳ, ಗಡಿಗೆಗಳನ್ನು ಒದಗಿಸಿದುದಕ್ಕೆ ಸಂದ ಜೋಳ. ಸಂವಿಭಾಗವೆಂಬ ಪದಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ಉದಾಹರಣೆ ಸಿಕ್ಕದು. ಆದರೂ ಅದೇ ಕಣದಲ್ಲಿ ಕೆಲವರಿಗೆ ಪಾಲು ಮೇಲಿನಿಂದ ಸುರಿದ ಜೋಳವಾಗಿ ಉಡಿಗೆ ಬೀಳುತ್ತಿತ್ತು, ಊಟವು ದೂರದಲ್ಲಿ ಆಗುತ್ತಿತ್ತು. ಅಸ್ಪೃಶ್ಯತೆಯು ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೭ನೆಯ ವಿಧಿಯಿಂದ ನಿಷಿದ್ಧವಾಯಿತು. ಎಡೆಯ ನೆನಪು ಕಾಯಿದೆಯಷ್ಟು ಬೇಗ ಬದಲಾಗಲಿಲ್ಲ. ಪಾಲಿನ ನ್ಯಾಯವು ಗಟ್ಟಿಯಾಗಿದ್ದ ಊರುಗಳಲ್ಲಿಯೇ ಎಡೆಯ ಅನ್ಯಾಯವು ಎಲ್ಲರಿಗೂ ಸಹಜವಾಗಿ ತೋರಿದುದು ಈ ವಿಷಯದ ಅತ್ಯಂತ ನೋವಿನ ಭಾಗವೆನ್ನಬೇಕು. ಪಾಲು ಸಲ್ಲುತ್ತಿದ್ದುದರಿಂದಲೇ ಎಡೆಯ ಪ್ರಶ್ನೆಯನ್ನು ಕೇಳುವವರು ವಿರಳರಾದರು.

ಬರಗಾಲವು ಎರಡನ್ನೂ ಪರೀಕ್ಷಿಸಿತು. ೧೮೭೬-೭೮ರ ಮಹಾಕ್ಷಾಮದಲ್ಲಿ ಈ ಪ್ರದೇಶವು ಕಲಾದಗಿ ಜಿಲ್ಲೆಯಾಗಿತ್ತು. ೧೮೭೨ರ ಜನಗಣತಿಯಲ್ಲಿ ೮ ಲಕ್ಷಕ್ಕೆ ಮೇಲ್ಪಟ್ಟಿದ್ದ ಅದರ ಜನಸಂಖ್ಯೆಯು ೧೮೮೧ರಲ್ಲಿ ಆರೂವರೆ ಲಕ್ಷಕ್ಕೂ ಕೆಳಗಿಳಿದಿತ್ತು. ಕಣವೇ ಇಲ್ಲದಾಗ ಆಯವೆಲ್ಲಿಯದು? ಉಡಿಗೆ ಬೀಳುವ ಜೋಳವನ್ನೇ ನಂಬಿದವರ ಗತಿಯು ಮೊದಲು ಕೆಟ್ಟಿತು. ಛಾಂದೋಗ್ಯೋಪನಿಷತ್ತಿನ ಉಷಸ್ತಿ ಚಾಕ್ರಾಯಣನ ಕಥೆಯು ಇಂಥ ಕಾಲದ್ದು. ಕುರುದೇಶದಲ್ಲಿ ಬೆಳೆ ನಾಶವಾದಾಗ ಅವನು ಮಾವತನೊಬ್ಬನು ತಿನ್ನುತ್ತಿದ್ದ ಕುಲ್ಮಾಷವನ್ನು ಬೇಡುತ್ತಾನೆ. ತಟ್ಟೆಯಲ್ಲಿರುವುದರ ಹೊರತು ಬೇರೆ ಇಲ್ಲವೆಂದಾಗ ಆ ಎಂಜಲನ್ನೇ ಪಡೆದು ತಿನ್ನುತ್ತಾನೆ. ನೀರನ್ನು ಕೊಟ್ಟಾಗ ಮಾತ್ರ ಎಂಜಲೆಂದು ನಿರಾಕರಿಸುತ್ತಾನೆ. ಅನ್ನವಿಲ್ಲದೆ ಬದುಕಲಾರೆನು, ನೀರು ಬೇಕಾದಲ್ಲಿ ದೊರೆಯುವುದೆಂಬುದು ಅವನ ಸಮಾಧಾನ. ವ್ಯಾಖ್ಯಾನಕಾರರು ಈ ಆಖ್ಯಾಯಿಕೆಯಿಂದ ಆಪದ್ಧರ್ಮದ ಮಿತಿಯನ್ನು ನಿರ್ಣಯಿಸುತ್ತಾರೆ. ಮಾವತನ ಕಡೆಯಿಂದ ಈ ಕಥೆಯನ್ನು ನೋಡಿದವರು ಕಡಿಮೆ. ಅವನಿಗೂ ಅದೇ ಬರ. ತಟ್ಟೆಯಲ್ಲಿ ಮಿಗತೆಯೆಂಬುದು ಇರಲಿಲ್ಲ. ತಾನು ಉಣ್ಣುತ್ತಿದ್ದುದನ್ನೇ ಕೊಟ್ಟನು, ಕೇಳಿದವನು ವಿದ್ವಾಂಸನೋ ಅಲ್ಲವೋ ಎಂದು ವಿಚಾರಿಸಲಿಲ್ಲ. ಉಪನಿಷತ್ತು ಅವನ ಹೆಸರನ್ನು ಹೇಳುವುದಿಲ್ಲ.

ಇಂದಿನ ಅನ್ನಾಚಾರಗಳಲ್ಲಿ ಪಾಲೂ ಎಡೆಯೂ ಬೇರೆ ಬೇರೆ ರೀತಿಯಲ್ಲಿ ಕಾಣಿಸಿಕೊಳ್ಳುತ್ತವೆ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳವರು ಮನೆಮನೆಗಳಲ್ಲಿ ಜೋಳದ ರೊಟ್ಟಿ ಬಡಿದು ಲಕ್ಷಗಟ್ಟಲೆ ತಂದೊಪ್ಪಿಸುತ್ತಾರೆ; ಗದಗ ಜಿಲ್ಲೆಯ ಡಂಬಳದ ಜಾತ್ರೆಯಲ್ಲಿ ರೊಟ್ಟಿಯೂಟಕ್ಕೇ ಒಂದು ದಿನವಿದೆ. ಯಾರ ಅನ್ನವನ್ನು ಉಣ್ಣಬಹುದು, ಯಾರದನ್ನು ಉಣ್ಣಬಾರದೆಂದು ಸ್ಮೃತಿಗಳು ಭೋಜ್ಯಾಭೋಜ್ಯ ಪ್ರಕರಣಗಳಲ್ಲಿ ಬಹಳ ಚರ್ಚಿಸಿವೆ. ಸಾವಿರ ಮನೆಗಳ ರೊಟ್ಟಿಯು ಒಂದೇ ಗುಡ್ಡೆಯಾಗಿ ಬಿದ್ದ ಮೇಲೆ ಆ ಪ್ರಶ್ನೆಯನ್ನು ಕೇಳುವ ಬಗೆಯೇ ಉಳಿಯುವುದಿಲ್ಲ. ವಾದದಿಂದ ಬಗೆಹರಿಯದುದು ರಾಶಿಯಿಂದ ಬಗೆಹರಿದಿದೆ.

ಕರ್ನಾಟಕ ಸರ್ಕಾರವು ಶಾಲೆಗಳ ಬಿಸಿಯೂಟವನ್ನು ೨೦೦೨ರಲ್ಲಿ ರಾಜ್ಯದ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಆರಂಭಿಸಿ ಅದಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟಿತು. ಬೊಕ್ಕಸದಿಂದ ಬಂದ ಅನ್ನದಲ್ಲಿ ಯಾರೊಬ್ಬನ ಪಾಲೂ ಕುಂದುವುದಿಲ್ಲವಾದುದರಿಂದ ಲಕ್ಕಮ್ಮನ ಅರ್ಥದಲ್ಲಿ ಅದು ದಾಸೋಹವಾಗದು. ಆದರೆ ಎಡೆಯ ದೃಷ್ಟಿಯಿಂದ ಆ ಹೆಸರು ಸಾರ್ಥಕವಾಗಿದೆ. ಊರಿನ ಎಲ್ಲ ಕೇರಿಗಳ ಮಕ್ಕಳೂ ದಿನವೂ ಒಂದೇ ಸಾಲಿನಲ್ಲಿ ಕುಳಿತು ಒಂದೇ ಹಂಡೆಯ ಅನ್ನವನ್ನು ಉಣ್ಣುವುದು ಕರ್ನಾಟಕದ ಇತಿಹಾಸದಲ್ಲಿ ಈ ಪ್ರಮಾಣದಲ್ಲಿ ಹಿಂದೆಂದೂ ನಡೆದುದಲ್ಲ. ಅಡುಗೆಯವಳ ಜಾತಿಯನ್ನು ಕೇಳಿ ಮಕ್ಕಳನ್ನು ಊಟದಿಂದ ತಡೆದ ಪ್ರಸಂಗಗಳೂ ರಾಜ್ಯದಲ್ಲಿ ವರದಿಯಾಗಿವೆ. ಸಂಪ್ರದಾಯವನ್ನು ಮುಂದೊಡ್ಡುವ ಅಂಥವರು, ಆರ್ಯರ ಮೇಲ್ವಿಚಾರಣೆಯಲ್ಲಿ ಶೂದ್ರರು ಅಡುಗೆ ಮಾಡಬಹುದೆಂದು ಆಪಸ್ತಂಬನೇ ವೈಶ್ವದೇವದ ಅನ್ನಕ್ಕೆ ಹೇಳಿರುವುದನ್ನು ಅರಿಯರು.

ಡೋಣಿಯ ಸೀಮೆಯ ಬೇಸಾಯವೂ ಬದಲಾಗುತ್ತಿದೆ. ಕೃಷ್ಣೆಯ ನೀರನ್ನು ಎತ್ತಿ ತರುವ ತುಬಚಿ-ಬಬಲೇಶ್ವರ ಮೊದಲಾದ ಯೋಜನೆಗಳಿಂದ ಕಬ್ಬು ದ್ರಾಕ್ಷಿಗಳು ಹೆಚ್ಚಿ, ಎಳ್ಳ ಅಮಾವಾಸ್ಯೆಯ ಹೊತ್ತಿಗೆ ತೆನೆ ಹೊತ್ತು ನಿಲ್ಲುವ ಜೋಳದ ಹೊಲಗಳು ಕಡಿಮೆಯಾಗಿವೆ. ಬಂಡಿಯ ಬದಲು ಟ್ರ್ಯಾಕ್ಟರು ಹೊರಡುತ್ತದೆ. ಆದರೂ ಬುತ್ತಿಯ ಅಡುಗೆಯಲ್ಲಿ ಹೆಚ್ಚಿನ ವ್ಯತ್ಯಾಸವಾಗಿಲ್ಲ. ಸ್ವಂತ ಹೊಲವಿಲ್ಲದ ವಿಜಯಪುರದ ಪೇಟೆಯವರು ಅಂದು ಪರಿಚಿತರ ಹೊಲಗಳಿಗೆ ಹೋಗುತ್ತಾರೆ, ಚರಗವಾಗುವವರೆಗೂ ಮನೆಯವರಂತೆಯೇ ಕಾದಿದ್ದು ಅನಂತರ ಅವರೊಡನೆ ಊಟಕ್ಕೆ ಕೂರುತ್ತಾರೆ.